ಜನತಾ ವಾಚಿನ ಅಸಲಿತನ

ಎಚ್‌ಎಂಟಿ ಜನತಾ ಕೀ ಕೊಡುವ ಕೈಗಡಿಯಾರ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ಆ ತಂತ್ರಜ್ಞಾನದಿಂದ ಬಂದದ್ದೇ ಜನತಾದ 17 ಜ್ಯುವೆಲ್‌ಗಳ (ಸವೆತ ತಡೆಯುವ ಕೃತಕ ಮಾಣಿಕ್ಯಗಳ) ಯಂತ್ರ. ಅದರ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5. ದಿನಾಂಕ ತೋರಿಸುವ ವ್ಯವಸ್ಥೆಯಿಲ್ಲ, ಬಿಡಿಭಾಗಗಳೂ ಕಡಿಮೆ. ಹವ್ಯಾಸಕ್ಕೆಂದು ರಿಪೇರಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಾಚು ಸಿಗುವುದು ಕಷ್ಟ.

ವರ್ಷಗಟ್ಟಲೆ ಡ್ರಾಯರಿನಲ್ಲಿದ್ದು ನಿಂತ ವಾಚಿನ ತೊಂದರೆ ಹಲವು ಬಾರಿ ಒಣಗಿ ಅಂಟಾದ ಎಣ್ಣೆಯಷ್ಟೇ. ಬಿಚ್ಚುವ ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿ ಇಳಿಸಬೇಕು. ಇಲ್ಲವಾದರೆ ಅದು ಒಮ್ಮೆಲೇ ಬಿಚ್ಚಿಕೊಂಡು ಚಕ್ರಗಳ ಹಲ್ಲು ಮುರಿಯಬಹುದು. ತೊಳೆದ ಮೇಲೆ ಎಣ್ಣೆ ಸೂಜಿಮೊನೆಯಷ್ಟು ಸಾಕು. ಚಕ್ರಗಳ ಓಟವನ್ನು ತಡೆತಡೆದು ಬಿಡುವ ಪ್ಯಾಲೆಟ್ ಫೋರ್ಕಿನ ತಿರುಗುಮೊನೆಗಳಿಗಂತೂ ಹಾಕಲೇಬಾರದು.

ಅಸಲಿ ಯಾವುದೆಂದು ಹೇಳುವುದು ಇದಕ್ಕಿಂತ ಕಠಿಣ. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಹೊರಬಿತ್ತು. ಈಗ ಕೈಗೆ ಸಿಗುವ ಹಳೆಯ ವಾಚುಗಳಲ್ಲಿ ಮರುಬಣ್ಣದ ಡಯಲುಗಳು ಹೇರಳ. ಭೂತಗನ್ನಡಿಯಲ್ಲಿ ನೋಡಿದರೆ ಅಂಥವುಗಳ ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ. ಇಷ್ಟದ ಬಣ್ಣ ಬಳಿಸಿಕೊಳ್ಳುವುದು ತಪ್ಪಲ್ಲ. ಅದನ್ನು ಕಾರ್ಖಾನೆಯದೆಂದು ಮಾರುವುದು ಮೋಸ. ಗಾಜು, ಪಟ್ಟಿ ಬದಲಾಗಿದ್ದರೆ ಅಡ್ಡಿಯಿಲ್ಲ, ಅವು ಸವೆಯುವ ಭಾಗಗಳು.