ಯಾರ ಜೋಡಿ ಹೊಂಟೀ?

ಬೆಟಗೇರಿಯಿಂದ ನಾನು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಒಬ್ಬೊಬ್ಬಾಕಿ. ಗದಗ ಕಾಲೇಜಿನ್ಯಾಗ ಒಂದ ಬೆಂಚು. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಾಸ್ಕೋಕ್ಕ ಹೋಗಿ ದೊಡ್ಡ ಹಡಗು ನೋಡಿದಾಗಿಂದ ಒಂದ ಆಸೆ: ನಾವು ನಾಕೇ ಮಂದಿ ಕ್ರೂಸ್ ಹೋಗಬೇಕು.

ನಿಯಮ ಓದಿದ್ವಿ. ರಾಯಲ್ ಕೆರಿಬಿಯನ್ ಹಡಗು ಅಮೆರಿಕದಿಂದ ಹೊಂಟ್ರ, ದೊಡ್ಡವರಿಲ್ಲದ ಹೋಗಾಕ 21 ತುಂಬಿರಬೇಕು. ಸಿಂಗಾಪುರದಿಂದ ಹೊಂಟ್ರ 18 ಸಾಕು. ಇನ್ನೊಂದು ಮಾತೂ ಐತಿ: ಗಂಡ-ಹೆಂಡ್ತಿ ಆಗಿದ್ರ ಆ 21ರ ನಿಯಮ ಇಲ್ಲ! ಓದಿ ನಾಕೂ ಮಂದಿ ನಕ್ಕೇ ನಕ್ಕಿವಿ.

ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನ್ಯಾಗ ಹುಟ್ಟಿದ ದಿನ ಜೂನ್ 1. ಸಾಲಿಗೆ ಹಚ್ಚೂವಾಗ ಮಾಸ್ತರು ಬರೆದದ್ದು. ಖರೇ ಹುಟ್ಟಿದ್ದು ಶೀಗಿ ಹುಣ್ಣಿಮಿ ಮುಂದ, ಅಂತಾಳ ಅವ್ವ. ಹಡಗಿನವರು ನೋಡೂದು ಕಾಗದ. ಕಾಗದದಾಗ ನನಗ 18 ತುಂಬೇತಿ.

ಅವ್ವಗ ಹೇಳಿದೆ.

"ವಯಸ್ಸು ಯಾರ್ ಕೇಳಿದ್ರು? ಯಾರ ಜೋಡಿ ಹೊಂಟೀ?"

"ನಾವ ನಾಕು ಮಂದಿ."

"ಅಂದ್ರ ಯಾರೂ ಇಲ್ಲ."

ಕಟ್ಟಿ ಮ್ಯಾಲೆ ಕುಂತಿದ್ದ ಆಯಿ ಅಡಕಿ ಕತ್ತರಿಸೂದು ನಿಲ್ಲಿಸಿದಳು. "ಹದಿನಾಕಕ್ಕ ನನ್ನ ಈ ಮನಿಗೆ ಕಳಿಸಿದ್ರು. ಈ ಊರಾಗ ಒಬ್ಬರ ಗುರುತು ಇರಲಿಲ್ಲ. ಯಾರ ಜೋಡಿ ಹೊಂಟೀ ಅಂತ ಆವತ್ತು ಯಾರೂ ಕೇಳಲಿಲ್ಲ."

ಅವ್ವ ಮಾತಾಡಲಿಲ್ಲ, ಒಳಗ ಹೋದಳು.

ರೊಕ್ಕ ಇನ್ನೂ ಕೂಡಿಲ್ಲ. ಒಪ್ಪಿಗೀನೂ ಸಿಕ್ಕಿಲ್ಲ. ಆದ್ರ ನಿನ್ನೆ ರೊಟ್ಟಿ ಬಡಿಯೂವಾಗ ಅವ್ವ ತಾನಾಗೇ ಕೇಳಿದಳು: "ಹಡಗಿನ್ಯಾಗ ಕಟಿರೊಟ್ಟಿ ಒಯ್ಯಾಕ ಬಿಡ್ತಾರೇನ?"

ನಿಮ್ಮ ಮನ್ಯಾಗ ಮೊದಲು ಕೇಳೂದು ವಯಸ್ಸೋ, ಜೋಡಿಯೋ?