ಕಾಂಟೆಸ್ಸಾದ ಮೈ, ಮದುವೆಯ ಮೆರವಣಿಗೆ

ಅಮೆರಿಕದ ಭಾರೀ ಕಾರುಗಳ ಠೀವಿಯನ್ನು ನಮ್ಮ ರಸ್ತೆಗಳಿಗೆ ತಂದದ್ದು 1984ರಲ್ಲಿ ಬಂದ ಕಾಂಟೆಸ್ಸಾ. ಅದರ ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್. ಉದ್ದ ಮೂತಿ, ಅಗಲ ಸೀಟು. ಒಳಗೆ ಮಾತ್ರ ಅಂಬಾಸಿಡರ್‌ನ ಒಂದೂವರೆ ಲೀಟರ್ ಎಂಜಿನ್. ಅಷ್ಟು ಭಾರ ಎಳೆಯಲು ಅದು ಏದುಸಿರು ಬಿಡುತ್ತಿತ್ತು. ಮುಂದೆ ಜಪಾನಿನ ಇಸುಜು ಎಂಜಿನ್ ಬಂದು ಕಸುವು ಕೂಡಿತು. ಪೆಟ್ರೋಲಿನ ದಾಹ ಹಿಂಗಲಿಲ್ಲ. 2002ರಲ್ಲಿ ತಯಾರಿಕೆ ನಿಂತಿತು.

ಹೊಸಕೋಟೆ ತಾಲ್ಲೂಕಿನ ನಮ್ಮ ಜಡಿಗೇನಹಳ್ಳಿ ಕಡೆ ಮದುಮಗನಿಗೆ ಇಂದಿಗೂ ದೊಡ್ಡ ಕಾರೇ ಬೇಕು. ಬಡ್ಡಿ ಹರಾಮೆಂದು ಬಲ್ಲವರೂ ಒಂದು ಸಂಜೆಯ ಮೆರವಣಿಗೆಗಾಗಿ ಬಡ್ಡಿ ಸಾಲ ತರುವುದನ್ನು ನಾವು ನೋಡುತ್ತಿದ್ದೇವೆ. ಅಗಲ ಸೀಟಿನ ನಿಜವಾದ ಉಪಕಾರ ತಿಳಿಯುವುದು ನಡುರಾತ್ರಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ಯುವಾಗ. ಎಂಜಿನ್ನಿಗೆ ಮೀರಿದ ಮೈ ಏರಿನಲ್ಲಿ ಏದುತ್ತದೆ. ಆದಾಯಕ್ಕೆ ಮೀರಿದ ಮದುವೆಯ ಮನೆ, ಮರುದಿನದಿಂದಲೇ.