ಸೆವಿಯಾದ ರಾತ್ರಿ, ತ್ರಿಯಾನಾದ ಹಾಡು

ಸ್ಪೇನಿನ ಸೆವಿಯಾದಲ್ಲಿ ಬಾರಿಂದ ಬಾರಿಗೆ ತಿರುಗೋದೇ ರಾತ್ರಿಯೂಟ. ಒಂದು ಕಡೆ ಬಿಯರ್, ಇನ್ನೊಂದು ಕಡೆ ಸಣ್ಣ ತಟ್ಟೇಲಿ ಪಾಲಕ್-ಕಡಲೆ. 1670ರಿಂದ ಇರೋ ಎಲ್ ರಿಂಕೊನ್ಸಿಯೊ ಬಾರಲ್ಲಿ ಲೆಕ್ಕಾನ ಮರದ ಕೌಂಟರ್ ಮೇಲೇ ಸೀಮೆಸುಣ್ಣದಲ್ಲಿ ಬರೀತಾರೆ. ಪಕ್ಕ ನಿಂತವರು ಯಾರೂ ನನ್ನ ಜಾತಿ ಕೇಳಲಿಲ್ಲ. ಹೋಟೆಲಲ್ಲಿ ಬೇರೆ ಲೋಟ ಕಂಡು ಬೆಳೆದ ನನಗೆ ಗಂಟಲುಬ್ಬಿ ಬಂತು.

ಆದ್ರೆ ಬಂಧುಗಳೇ, ನದಿ ದಾಟಿದ್ರೆ ತ್ರಿಯಾನಾ. ಅಲ್ಲಿನ ಬಾರುಗಳಲ್ಲಿ ಫ್ಲಮೆಂಕೊ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಹಿತಾನೊಗಳು, ಅಂದ್ರೆ ಸ್ಪೇನಿನ ರೋಮಾ ಜನ, ಮುಖ್ಯರು. ಅವರ ಪೂರ್ವಿಕರು ನಮ್ಮ ಉಪಖಂಡದಿಂದಲೇ ಹೋದವರು. 1749ರಲ್ಲಿ ರಾಜಾಜ್ಞೆ ಮಾಡಿ ಅವರನ್ನು ಸಾವಿರಗಟ್ಟಲೆ ಬಂಧಿಸಿದ್ರು. ಕಳೆದ ಶತಮಾನದಲ್ಲಿ ತ್ರಿಯಾನಾದಿಂದ ಎತ್ತಂಗಡಿ ಮಾಡಿ ಊರಂಚಿಗೆ ಕಳಿಸಿದ್ರು.

ಹಾಡು ಊರೊಳಗೆ, ಹಾಡಿದವರು ಊರಾಚೆ. ತಮಟೆ ಬೇಕು, ಬಡಿಯೋರು ಬೇಡ ಅನ್ನೋದು ನಮಗೇನು ಹೊಸದಾ?